ಲೇಬಲ್ ಇಲ್ಲದ ಕೀಟನಾಶಕ ಎಣ್ಣೆ ಬಾಟಲಿ: ಅಂಗಡಿಯವರ ರಾಜಿ ಪತ್ರಕ್ಕೆ ಸಹಿ ಹಾಕಬಹುದಾ?

ಸಿರವಾರ ಹತ್ತಿ:
ಹತ್ತಿಗೆ ಎಣ್ಣೆ (ಕೀಟನಾಶಕ) ಹೊಡೆದ ಕೂಲಿಯವರೊಬ್ಬರು ವಾಂತಿ, ವಿಪರೀತ ಬೆವರು, ಜೊಲ್ಲು ಅಂತ ರಾಯಚೂರಿನ ಆಸ್ಪತ್ರೆ ಸೇರಿ ಈಗ ಮನೆಗೆ ಬಂದಿದ್ದಾರೆ. ಅಂಗಡಿಯವರು ಪ್ರೊಫೆನೊಫಾಸ್ 50 ಇಸಿ ಅಂತ ಹೇಳಿ ಖಾಲಿ ಬಾಟಲಿಗೆ ಸುರಿದು ಕೊಟ್ಟಿದ್ದರು. ಲೇಬಲ್, ಬಿಲ್ ಎರಡೂ ಇಲ್ಲ. ಈಗ ಆಸ್ಪತ್ರೆ ಖರ್ಚು ಕೊಡ್ತೀವಿ, ಮುಂದೆ ಕೇಸ್ ಹಾಕಲ್ಲ ಅಂತ ಬಾಂಡಿಗೆ ಸಹಿ ಮಾಡ್ರಿ ಅಂತಿದ್ದಾರೆ. ಎಣ್ಣೆ ಕೊಂಡವರು ಹೊಲದ ಯಜಮಾನರು. ಕೂಲಿಯವರಿಗೆ ಹಕ್ಕು ಐತೇನ್ರಿ?

ಕೊಪ್ಪಳ ವಕೀಲ:
ಐತ್ರಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಕೊಂಡವರ ಒಪ್ಪಿಗೆಯಿಂದ ಬಳಸಿದವರೂ ಗ್ರಾಹಕರೇ. ಎದುರಿನವರು "ಬೇಸಾಯ ವ್ಯಾಪಾರ, ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ" ಅಂತ ವಾದ ಹೂಡಬಹುದು. ಬೀಜ ಕೊಂಡ ರೈತರು ಗ್ರಾಹಕರೇ ಅಂತ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ, ಅದನ್ನು ಮುಂದಿಡಿ. ತಯಾರಕರ ಎಚ್ಚರಿಕೆಯನ್ನು ಕೊಳ್ಳುವವರಿಗೆ ದಾಟಿಸದೆ, ಅದರಿಂದಲೇ ಹಾನಿಯಾಗಿದ್ದರೆ ಕಲಂ 86ರಡಿ ಮಾರಿದವರೇ ಹೊಣೆ. ದೂರು ಕೊಡಲು ಅವಧಿ 2 ವರ್ಷ. ಕೊಂಡ ಸರಕಿನ ಬೆಲೆ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ.

ಬಾಂಡಿಗೆ ಮಾತ್ರ ಈಗಲೇ ಸಹಿ ಬೇಡ. ಹಣ ಕೈಗೆ ಬರದಿದ್ದರೆ ಅದನ್ನು ಹಿಡಿದು ಮತ್ತೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ದೂರು ದಾಖಲಿಸಿ, ಕಲಂ 37ರಡಿ ಮಧ್ಯಸ್ಥಿಕೆಗೆ ಒಪ್ಪಿಗೆ ಕೊಡಿ. ಅಲ್ಲಿ ಆದ ರಾಜಿಯನ್ನು ಆಯೋಗವೇ ಆದೇಶವಾಗಿ ಬರೆಯುತ್ತದೆ. ಮೀರಿದರೆ ಕಲಂ 72ರಡಿ ಜೈಲು ಶಿಕ್ಷೆಯವರೆಗೂ ಹೋಗಬಹುದು.

ಸಿರುಗುಪ್ಪ ಕೃಷಿ ಪದವೀಧರ:
ಪುರಾವೆ ಕೆಟ್ಟರೆ ಕಲಂ ಯಾವುದಿದ್ದರೂ ಉಪಯೋಗವಿಲ್ಲ. ಬಾಟಲಿ ತೊಳೆಯಬೇಡಿ, ಉಳಿದ ಎಣ್ಣೆಯನ್ನು ಬೇರೆಯದಕ್ಕೆ ಸುರಿಯಬೇಡಿ. ಮುಚ್ಚಳ ಬಿಗಿದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಆಸ್ಪತ್ರೆಯಿಂದ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ) ಪ್ರತಿ, ಪ್ರತಿವಿಷವಾದ ಅಟ್ರೊಪಿನ್ ಕೊಟ್ಟ ದಾಖಲೆ, ಕೋಲಿನೆಸ್ಟರೇಸ್ (ಇಂಥ ವಿಷದಿಂದ ರಕ್ತದಲ್ಲಿ ಇಳಿಯುವ ಕಿಣ್ವ) ರಕ್ತ ಪರೀಕ್ಷೆಯ ವರದಿ ಪಡೆಯಿರಿ. ಆ ಪರೀಕ್ಷೆ ಆಗಿರದಿದ್ದರೆ ಇಂದೇ ಮಾಡಿಸಿ. ಕೆಲವು ವಾರಗಳಲ್ಲಿ ಮಟ್ಟ ಮತ್ತೆ ಏರಿಬಿಡುತ್ತದೆ, ಆಮೇಲೆ ವಿಷ ಏರಿದ್ದಕ್ಕೆ ರಕ್ತದಲ್ಲಿ ಸಾಕ್ಷಿ ಸಿಗುವುದಿಲ್ಲ.

ರೈತ ಸಂಪರ್ಕ ಕೇಂದ್ರಕ್ಕೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಲೇಬಲ್ ಮೇಲೆ ವಿಷದ ಮಟ್ಟ ತೋರಿಸುವ ಓರೆ ಚೌಕ ಇರಲೇಬೇಕು: ಕೆಂಪು ಅತಿ ಹೆಚ್ಚು, ಆಮೇಲೆ ಹಳದಿ, ನೀಲಿ, ಹಸಿರು. ವಿಷದ ಲಕ್ಷಣ, ಪ್ರಥಮ ಚಿಕಿತ್ಸೆ, ಪ್ರತಿವಿಷ ಬರೆದ ಕರಪತ್ರವೂ ಪೆಟ್ಟಿಗೆಯಲ್ಲಿರಬೇಕು. ಬಾಟಲಿಗೆ ಸುರಿದು ಕೊಟ್ಟಾಗ ಇದೆಲ್ಲ ಅಂಗಡಿಯಲ್ಲೇ ಉಳಿಯಿತು. ಜೀವ ಉಳಿಸುವ ಮಾಹಿತಿಯನ್ನು ಹೀಗೆ ತಡೆಯುವುದು ಸಣ್ಣ ತಪ್ಪಲ್ಲ.

ಸಿರವಾರ ಹತ್ತಿ:
ಕೂಲಿಯವರು ಮಾಸ್ಕ್ ಹಾಕ್ಕೊಂಡಿರಲಿಲ್ಲ, ತಪ್ಪು ಅವರದೇ ಅಂತ ಅಂಗಡಿಯವರು ಅಂತಾರ್ರಿ.

ಕೊಪ್ಪಳ ವಕೀಲ:
ಹಾಕ್ಕೋಬೇಕು ಅಂತ ಹೇಳುವ ಲೇಬಲನ್ನೇ ಅವರು ಕೊಟ್ಟಿಲ್ಲವಲ್ಲ, ಅದನ್ನೇ ಉತ್ತರವಾಗಿ ಬರೆಯಿರಿ. ಆದರೆ ತಪ್ಪಾಗಿ ಬಳಸಿದ್ದಾರೆ ಅನ್ನುವ ವಾದಕ್ಕೆ ಕಲಂ 87ರಲ್ಲಿ ಜಾಗ ಇದೆ. ಹಾಗಾಗಿ ಲೀಟರ್ ನೀರಿಗೆ ಎಷ್ಟು ಮಿ.ಲೀ. ಬೆರೆಸಿದರು, ಎಷ್ಟು ಹೊತ್ತು ಹೊಡೆದರು, ಪ್ರಮಾಣ ಹೇಳಿದವರು ಯಾರು ಅನ್ನುವುದನ್ನು ಯಜಮಾನರಿಂದಲೂ ಬರೆಸಿಕೊಳ್ಳಿ.

ಗಂಗಾವತಿ ಭತ್ತ:
ರಾಜಿಯಲ್ಲಿ ಹಣದ ಜೊತೆ ಒಂದು ಷರತ್ತು ಸೇರಿಸಿ: ಮುಂದೆ ಬಿಡಿಯಾಗಿ ಸುರಿದು ಮಾರುವಂತಿಲ್ಲ, ಲೇಬಲ್ ಇರುವ ಮೂಲ ಬಾಟಲಿ, ಬ್ಯಾಚ್ ನಂಬರ್ ಇರುವ ಬಿಲ್ ಕೊಡಬೇಕು. ಅಮೆರಿಕದಲ್ಲಿ ರೌಂಡಪ್ ಕಳೆನಾಶಕದಿಂದ ಕ್ಯಾನ್ಸರ್ ಬಂತು ಅನ್ನುವ ದಾವೆಗಳಿಗೆ 2020ರಲ್ಲಿ ಬಾಯರ್ ಕಂಪನಿ 10.9 ಶತಕೋಟಿ ಡಾಲರ್‌ವರೆಗಿನ ರಾಜಿ ಘೋಷಿಸಿತು. ತಪ್ಪೊಪ್ಪಿಗೆಯೂ ಇರಲಿಲ್ಲ, ಬಾಟಲಿ ಮೇಲೆ ಕ್ಯಾನ್ಸರ್ ಎಚ್ಚರಿಕೆಯೂ ಬರಲಿಲ್ಲ. ಕ್ಯಾಲಿಫೋರ್ನಿಯಾದ 1986ರ ಪ್ರೊಪೊಸಿಷನ್ 65 ಕಾನೂನಿನಡಿ ಆಗುವ ರಾಜಿಗಳಲ್ಲಿ ಎಚ್ಚರಿಕೆ ಹಾಕು, ಇಲ್ಲವೇ ಸರಕಿನಲ್ಲಿರುವ ರಾಸಾಯನಿಕ ಇಳಿಸು ಅನ್ನುವ ಷರತ್ತು ಸಾಮಾನ್ಯ. ನಮಗೆ ಬೇಕಿರುವುದು ಅಂಥ ರಾಜಿ. ಕೃಷಿ ಇಲಾಖೆಗೆ ಕೊಟ್ಟ ದೂರು ವಾಪಸ್ ಪಡೆಯಬೇಕು ಅನ್ನುವ ಸಾಲಿದ್ದರೆ ಹೊಡೆಸಿ ಹಾಕಿ.