ಸಹಾಯ ಬೇಕು: ಲಾಲ್‌ಬಾಗ್‌ನಲ್ಲಿ ಕ್ಯೂಆರ್ ಕೋಡ್ ನಿಧಿ ಬೇಟೆ

ನಮಸ್ಕಾರ. ಎಂಟನೇ ಕ್ಲಾಸಿನ 40 ಮಕ್ಕಳಿಗೆ ಲಾಲ್‌ಬಾಗ್‌ನಲ್ಲಿ ನಿಧಿ ಹುಡುಕೋ ಆಟ ಆಡಿಸ್ಬೇಕು ಅಂತಿದೀನಿ. ಕೋಡ್ ಸ್ಕ್ಯಾನ್ ಮಾಡಿದ್ರೆ ಪ್ರಶ್ನೆ, ಉತ್ತರವೇ ಮುಂದಿನ ಜಾಗ. ‘ಸುಮಾರು 300 ಕೋಟಿ ವರ್ಷ ಹಳೇ ಬಂಡೆ ಮೇಲೆ ಯಾರ ಗೋಪುರ ಇದೆ?’ ಅಂದ್ರೆ ಕೆಂಪೇಗೌಡರ ಗೋಪುರಕ್ಕೆ ಓಡ್ಬೇಕು.

ಶಾಲೆ ಅಂಗಳದಲ್ಲಿ ಒಂದ್ಸಲ ಮಾಡಿ ನೋಡಿದ್ವಿ, ಪೇಚಾಟ. ಲ್ಯಾಮಿನೇಷನ್ ಬಿಸಿಲಿಗೆ ಹೊಳೆದು ಅರ್ಧ ಫೋನ್‌ಗಳು ಓದ್ಲೇ ಇಲ್ಲ. ನೆಟ್ ಬೇಡ ಅಂತ ಪ್ರಶ್ನೆನ ಕೋಡ್ ಒಳಗೇ ತುಂಬಿದ್ರೆ, ಕನ್ನಡದ ಅಕ್ಷರಕ್ಕೆ ಕನಿಷ್ಠ ಮೂರು ಬೈಟ್ (ಡೇಟಾ ಅಳೆಯೋ ಘಟಕ) ಬೇಕು. ಅದಕ್ಕೇ ಕೋಡ್‌ನಲ್ಲಿ ಚುಕ್ಕೆ ಜಾಸ್ತಿಯಾಗಿ, ಚೌಕದ ತುಂಬ ಸಾಸಿವೆ ಚೆಲ್ಲಿದ ಹಾಗೆ.

ಮರಕ್ಕಂತೂ ಅಂಟಿಸಲ್ಲ, ಟೀಚರ್‌ಗಳ ಕೊರಳಿಗೇ ನೇತುಹಾಕ್ತೀವಿ. ಹಿಂದೆ ಆಡಿಸಿದವರು ಕೋಡ್ ಎಷ್ಟು ದೊಡ್ಡದು ಪ್ರಿಂಟ್ ಹಾಕ್ಸಿದ್ರಿ? ಹೊಳಪಿಲ್ಲದ ಲ್ಯಾಮಿನೇಷನ್ ಜಯನಗರದ ಕಡೆ ಎಲ್ಲಿ ಸಿಗುತ್ತೆ? ಫೋನ್ ಐದೇ ಇರೋದು, ತಂಡಕ್ಕೆ ಎಂಟು ಮಕ್ಕಳು ಜಾಸ್ತಿ ಆಯ್ತಾ?