ಅಮ್ಮನ ಹಿತ್ತಾಳೆ ಪಾತ್ರೆಯನ್ನು ಎತ್ತಲಾಗುತ್ತಿಲ್ಲ, ಹಗುರವಾದದ್ದು ಯಾವುದನ್ನು ಕೊಳ್ಳಲಿ?

ಮೈಸೂರಿನಿಂದ, ಪ್ರಶ್ನೆ:

ನನಗೆ 62 ವರ್ಷ. ಎರಡು ವರ್ಷಗಳಿಂದ ಎರಡೂ ಮಣಿಕಟ್ಟುಗಳಿಗೆ ಸಂಧಿವಾತ. 1985ರಲ್ಲಿ ನನ್ನ ಮದುವೆಗೆ ಅಮ್ಮ ಕೊಟ್ಟ ಉದ್ದ ಹಿಡಿಕೆಯ ಹಿತ್ತಾಳೆ ಪಾತ್ರೆಯಲ್ಲೇ ಇಷ್ಟು ವರ್ಷ ತೊವ್ವೆ, ಸಾರು, ಹಬ್ಬದ ಪಾಯಸ ಎಲ್ಲವನ್ನೂ ಮಾಡಿದ್ದೇನೆ. ಅಂಚಿನ ಕೆಳಗೆ ಅಮ್ಮನ ಹೆಸರಿನ ಮೊದಲಕ್ಷರವನ್ನೂ ಇಸವಿಯನ್ನೂ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ್ದಾರೆ. ತೊಳೆಯುವಾಗ ಈಗಲೂ ಬೆರಳು ಆ ಚುಕ್ಕಿಗಳ ಮೇಲೆ ಹಾದುಹೋಗುತ್ತದೆ. ಮೊನ್ನೆ ತೂಗಿದೆ, ಬರಿ ಪಾತ್ರೆಯೇ 1 ಕೆ.ಜಿ. 700 ಗ್ರಾಂ. ಕಳೆದ ವಾರ ಸಾರನ್ನು ಬಗ್ಗಿಸುವಾಗ ಕೈ ನಡುಗಿ ಅರ್ಧ ಸಾರು ಕಟ್ಟೆಯ ಮೇಲೆ ಚೆಲ್ಲಿತು. ಈಗ ಮನೆಯಲ್ಲಿ ನಾವಿಬ್ಬರೇ. ಗ್ಯಾಸ್ ಒಲೆ. ಹಗುರವಾಗಿರಬೇಕು, ಹುಣಸೆಹುಳಿಗೆ ಆಗಬೇಕು, ತೊವ್ವೆ ತಳ ಹಿಡಿಯಬಾರದು. ಬಳಸಿ ನೋಡಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿಯಿಂದ:

ಅಕ್ಕಾ, ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಅಂಗಡಿಯಲ್ಲಿ ಕೈಗೆ ಹೂವಿನಷ್ಟು ಹಗುರ ಅನ್ನಿಸಿತು ಎಂದು ತೆಳ್ಳನೆಯ ಸ್ಟೀಲ್ ಬೋಗುಣಿ ತಂದೆ. ಬ್ಯಾಳಿ ಕುದಿಸಿದ ಮೊದಲ ದಿನವೇ ಉರಿ ತಾಗುವ ಜಾಗದಲ್ಲಿ ಉಂಗುರದ ಆಕಾರದಲ್ಲಿ ಸೀದುಹೋಯಿತು. ಆಮೇಲೆ ಎಷ್ಟು ಸಣ್ಣ ಉರಿ ಇಟ್ಟರೂ ಅದೇ ಉಂಗುರ. ಕೈನೋವು ಇದ್ದವರಿಗೆ ಸೀದ ಪಾತ್ರೆ ತಿಕ್ಕುವುದು ಭಾರ ಎತ್ತುವುದಕ್ಕಿಂತ ದೊಡ್ಡ ಶಿಕ್ಷೆ.

ಬೆಂಗಳೂರಿನಿಂದ:

ನಮ್ಮದು ತಂದೆಯವರ ಕಾಲದ ಪಾತ್ರೆ ಅಂಗಡಿ. ನಿಮ್ಮಂತೆಯೇ ಕೈನೋವು ಹೇಳಿಕೊಂಡು ಬರುವ ತಾಯಂದಿರು ಬಹಳ. ಅವರಿಗೆ ಹೇಳುವುದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಅಳತೆ, ಆಮೇಲೆ ಲೋಹ. ನಿಮ್ಮ ಪಾತ್ರೆ ಹೆಚ್ಚುಕಡಿಮೆ ಎರಡೂವರೆ ಲೀಟರಿನದಿರಬೇಕು. ಅದರಲ್ಲಿ ಎರಡು ಲೀಟರ್ ಸಾರು ಇದ್ದರೆ ಸಾರೇ ಎರಡು ಕೆ.ಜಿ. ಒಟ್ಟು 3 ಕೆ.ಜಿ. 700 ಗ್ರಾಂ. ಜಗತ್ತಿನ ಅತಿ ಹಗುರ ಪಾತ್ರೆಯನ್ನು ತಂದರೂ ಆ ಎರಡು ಕೆ.ಜಿ. ಕಡಿಮೆಯಾಗುವುದಿಲ್ಲ. ಇಬ್ಬರಿಗೆ 16 ಸೆಂ.ಮೀ. ಅಗಲ, 8 ಸೆಂ.ಮೀ. ಎತ್ತರದ ಪಾತ್ರೆ ಧಾರಾಳ. ಅದರಲ್ಲಿ 1.6 ಲೀಟರ್ ಹಿಡಿಯುತ್ತದೆ, ನೀವು ಮುಕ್ಕಾಲು ತುಂಬಿಸಿದರೆ 1.2 ಲೀಟರ್. ಭಾರದ ದೊಡ್ಡ ಪಾಲು ಅಲ್ಲೇ ಇಳಿಯಿತು.

ಇನ್ನು ಲೋಹ. ಹಿತ್ತಾಳೆ, ಸ್ಟೀಲ್, ಅಲ್ಯೂಮಿನಿಯಂ ಮೂರರಲ್ಲೂ ಒಂದೇ ಗಾತ್ರದ ತುಂಡು ತೆಗೆದುಕೊಂಡರೆ ಅಲ್ಯೂಮಿನಿಯಂ ತೂಕ ಸ್ಟೀಲಿನ ಮೂರನೇ ಒಂದು ಭಾಗ, ಹಿತ್ತಾಳೆಯ ಮೂರನೇ ಒಂದಕ್ಕಿಂತಲೂ ಕಡಿಮೆ. ಅಂದರೆ ಒಂದು ಮಿ.ಮೀ. ದಪ್ಪದ ಸ್ಟೀಲ್ ಪಾತ್ರೆ ಎಷ್ಟು ತೂಗುತ್ತದೆಯೋ ಮೂರು ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಾತ್ರೆಯೂ ಅಷ್ಟೇ ತೂಗುತ್ತದೆ. ನಾನು ಹೇಳಿದ 16ರ ಅಳತೆಯಲ್ಲಿ ಎರಡೂ, ಹಿಡಿಕೆ ಬಿಟ್ಟು, ಅರ್ಧ ಕೆ.ಜಿ. ಆಸುಪಾಸು. ತೂಕ ಒಂದೇ, ಗುಣ ಮಾತ್ರ ಅಜಗಜಾಂತರ. ಸ್ಟೀಲಿಗಿಂತ ಅಲ್ಯೂಮಿನಿಯಂ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಹರಡುತ್ತದೆ, ಜೊತೆಗೆ ತಳವೂ ದಪ್ಪ. ಹುಬ್ಬಳ್ಳಿಯ ತಾಯಿ ಹೇಳಿದ ಉಂಗುರ ಸ್ಟೀಲಿನ ಸ್ವಭಾವ. ಉರಿ ಬಿದ್ದ ಜಾಗದಲ್ಲೇ ಕಾವು ನಿಂತುಬಿಡುತ್ತದೆ, ಪಕ್ಕಕ್ಕೆ ಹೋಗುವುದಿಲ್ಲ. ಹಿತ್ತಾಳೆಯಲ್ಲಿ ನಿಮ್ಮ ತೊವ್ವೆ ತಳ ಹಿಡಿಯದೆ ಇದ್ದದ್ದೂ ಆ ಲೋಹ ಕಾವು ಹರಡುವುದರಿಂದಲೇ.

ಸ್ಟೀಲ್ ಕೊಳ್ಳುವಾಗ ಗೇಜ್ ಕೇಳಿ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು. ಇದನ್ನು ತಲೆಕೆಳಗಾಗಿ ತಿಳಿದು ‘22 ಗೇಜ್ ಕೊಡಿ, ಗಟ್ಟಿಯಿರಲಿ’ ಎನ್ನುವವರು ಎಷ್ಟೋ ಮಂದಿ.

ಹುಣಸೆಹುಳಿ ಎಂದಿರಿ. ಬರಿಯ ಅಲ್ಯೂಮಿನಿಯಂ ಹುಳಿಗೆ ಆಗದು. ಲೋಹ ಸಾರಿಗೆ ಬಿಡುತ್ತದೆ, ರಾತ್ರಿಯಿಡೀ ಇಟ್ಟರೆ ಒಳಗೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಹಾರ್ಡ್ ಅನೋಡೈಸ್ಡ್ ಎಂದು ಬೂದುಗಪ್ಪು ಬಣ್ಣದ್ದು ಬರುತ್ತದಲ್ಲ, ಅದನ್ನು ನೋಡಿ. ಅದು ಮೇಲೆ ಬಳಿದ ಬಣ್ಣವಲ್ಲ. ಆಮ್ಲದ ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ, ಅಲ್ಯೂಮಿನಿಯಂನ ಮೈಮೇಲೆ ಅದರದೇ ಆಕ್ಸೈಡಿನ ಗಟ್ಟಿ ಪದರ ಬೆಳೆಯುವಂತೆ ಮಾಡಿರುತ್ತಾರೆ. ಸಾರು ಕುದಿಸಲು ತೊಂದರೆಯಿಲ್ಲ, ಕುದಿಸಿ ಬೇರೆ ಪಾತ್ರೆಗೆ ಬಗ್ಗಿಸಿಡಿ. ಆದರೆ ಸೋಡಾಪುಡಿ, ಬೂದಿ, ಪಾತ್ರೆ ತೊಳೆಯುವ ಯಂತ್ರದ ಪುಡಿ ತಾಗಿಸಬೇಡಿ, ಕ್ಷಾರಕ್ಕೆ ಆ ಪದರ ಸವೆಯುತ್ತದೆ.

ಮನಸ್ಸು ಒಪ್ಪದಿದ್ದರೆ ಟ್ರೈಪ್ಲೈ ಇದೆ. ಎರಡು ಸ್ಟೀಲ್ ಹಾಳೆಗಳ ನಡುವೆ ಅಲ್ಯೂಮಿನಿಯಂ. ಹುಳಿಗೆ ಸ್ಟೀಲ್ ಮುಖ, ಶಾಖಕ್ಕೆ ಅಲ್ಯೂಮಿನಿಯಂ ಹೊಟ್ಟೆ. ಒಳ್ಳೆಯ ವಸ್ತು, ಆದರೆ ಅದೇ ಅಳತೆಯಲ್ಲಿ ಇನ್ನೂರು ಮುನ್ನೂರು ಗ್ರಾಂ ಹೆಚ್ಚು ತೂಗುತ್ತದೆ, ಬೆಲೆಯೂ ಹೆಚ್ಚು. ನಿಮ್ಮ ಮಣಿಕಟ್ಟಿಗೆ ನಾನು ಅನೋಡೈಸ್ಡ್ ಅನ್ನೇ ಕೊಡುತ್ತಿದ್ದೆ.

ತುಮಕೂರಿನಿಂದ:

ನಾನ್‌ಸ್ಟಿಕ್ ಬಗ್ಗೆ ಒಂದು ಮಾತು. ಹಗುರ ನಿಜ. ಮನೆಯಲ್ಲಿ ಎಲ್ಲರೂ ಮರದ ಸೌಟು ಬಳಸಿದರೆ ಮಾತ್ರ ಬಾಳುತ್ತದೆ. ನಮ್ಮಲ್ಲಿ ಒಬ್ಬರು ಮರೆತು ಸ್ಟೀಲ್ ಸೌಟು ಆಡಿಸಿದರು, ಎರಡನೇ ವರ್ಷಕ್ಕೆ ಪದರ ಏಳತೊಡಗಿತು. ಖಾಲಿ ಪಾತ್ರೆಯನ್ನು ಒಲೆಯ ಮೇಲೆ ಮರೆಯುವ ಅಭ್ಯಾಸವಿದ್ದರೆ ಬೇಡವೇ ಬೇಡ. 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಲೇಪ ಕೆಡಲು ಶುರುವಾಗುತ್ತದೆ, ಖಾಲಿ ಪಾತ್ರೆ ಅಷ್ಟು ಕಾಯಲು ಕೆಲವೇ ನಿಮಿಷ ಸಾಕು.

ಧಾರವಾಡದಿಂದ:

ನಾನು ಫಿಸಿಯೋಥೆರಪಿಸ್ಟ್. ಲೋಹದ ಬಗ್ಗೆ ಅಂಗಡಿಯವರು ಸರಿಯಾಗಿಯೇ ಹೇಳಿದ್ದಾರೆ. ನನಗೆ ಕಾಳಜಿ ಹಿಡಿಕೆಯದು.

ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿಕೊಂಡು ಮೈಲಿ ನಡೆಯಬಹುದು. ಅದೇ ಕೊಡವನ್ನು ಕೈ ಚಾಚಿ ಹಿಡಿದು ಒಂದು ನಿಮಿಷ ನಿಲ್ಲಲಾಗದು. ಉದ್ದ ಹಿಡಿಕೆಯ ಪಾತ್ರೆ ನಿಮ್ಮ ಮಣಿಕಟ್ಟಿಗೆ ಮಾಡುತ್ತಿರುವುದು ಈ ಎರಡನೆಯದನ್ನು. ಭಾರವೆಲ್ಲ ಒಂದು ಗೇಣು ಆಚೆ ಇದೆ, ಅದನ್ನು ತಡೆದು ನಿಲ್ಲಿಸಬೇಕಾದದ್ದು ಒಂದೇ ಕೀಲು. ಅದಕ್ಕೇ ಎರಡು ಕಿವಿಯ ಪಾತ್ರೆ ಕೊಳ್ಳಿ. ಭಾರ ಎರಡು ಕೈಗೆ ಹಂಚಿಹೋಗುತ್ತದೆ, ಮೈಗೆ ಹತ್ತಿರವೂ ಇರುತ್ತದೆ. ಕಿವಿಗಳು ನಾಲ್ಕು ಬೆರಳು ಒಳಗೆ ಹೋಗುವಷ್ಟು ದೊಡ್ಡದಿರಲಿ. ತೆಳುವಾದ ಕಂಬಿಯಂಥ ಕಿವಿಯನ್ನು ಬಿಗಿಯಾಗಿ ಹಿಡಿಯಬೇಕಾಗುತ್ತದೆ, ಬಿಗಿ ಹಿಡಿದಷ್ಟೂ ನೋವು. ದಪ್ಪ ಬಟ್ಟೆಯ ಹಿಡಿತುಂಡಿನಿಂದ ಹಿಡಿದರೆ ಬೆರಳು ಅಷ್ಟು ಮಡಚಬೇಕಾಗಿಲ್ಲ. ಇಕ್ಕಳದಿಂದ ಎತ್ತುವುದನ್ನು ಇಂದೇ ನಿಲ್ಲಿಸಿ, ಅದು ಹೆಬ್ಬೆರಳ ಬುಡಕ್ಕೆ ಬಹಳ ಕೆಟ್ಟದ್ದು.

ಇನ್ನೊಂದು, ಎತ್ತಿ ಬಗ್ಗಿಸಲೇಬೇಕು ಎಂದೇನೂ ಇಲ್ಲ. ಸೌಟಿನಿಂದ ತೋಡಿ ಬಡಿಸುವ ಪಾತ್ರೆಗೆ ಹಾಕಿ. ಮುಕ್ಕಾಲು ಖಾಲಿಯಾದ ಮೇಲೆ ಎತ್ತಿ.

ಶಿವಮೊಗ್ಗದಿಂದ:

ನಿಮ್ಮ ಕೈ ನಡುಗಿ ಸಾರು ಚೆಲ್ಲಿತು ಎಂದು ಓದಿದಾಗ ಎದೆ ಧಸಕ್ಕೆಂದಿತು. ನನ್ನ ಅತ್ತೆಯವರೂ ಹೀಗೆಯೇ. ಅವರದು ದೊಡ್ಡ ಹಿತ್ತಾಳೆ ತಪ್ಪಲೆ. ನಾನು, ನನ್ನವರು ಎಷ್ಟು ಹೇಳಿದರೂ ‘ನಲವತ್ತು ವರ್ಷದಿಂದ ಎತ್ತಿದ್ದೇನೆ’ ಎನ್ನುತ್ತಿದ್ದರು. ಎರಡು ಸಲ ಕಟ್ಟೆಯ ಮೇಲೆ ಚೆಲ್ಲಿದಾಗ ಸುಮ್ಮನೆ ಒರೆಸಿದೆವು. ಮೂರನೆಯ ಸಲ ಕುದಿಯುವ ಹುಳಿ ಪಾದದ ಮೇಲೆ ಬಿತ್ತು. ಆರು ವಾರ ಅವರು ನೆಲಕ್ಕೆ ಕಾಲೂರಲಿಲ್ಲ. ಚರ್ಮ ಮಾಸಿದ ಗುರುತು ಇನ್ನೂ ಇದೆ. ನೋವಿಗಿಂತ ಹೆಚ್ಚಾಗಿ, ಅಡುಗೆಮನೆಗೆ ಹೋಗಲು ಹೆದರಿಕೊಂಡರಲ್ಲ, ಅದನ್ನು ನನಗೆ ನೋಡಲಾಗಲಿಲ್ಲ. ಅಮ್ಮಾ, ಯಾವ ಲೋಹ ಎಂದು ತಿಂಗಳುಗಟ್ಟಲೆ ಯೋಚಿಸುತ್ತ ಕೂರಬೇಡಿ. ಈ ವಾರವೇ ಯಾವುದಾದರೂ ಎರಡು ಕಿವಿಯದು ತನ್ನಿ. ಹೊಸ ಪಾತ್ರೆ ಬರುವ ತನಕ ಸಾರನ್ನು ಯಜಮಾನರು ಬಗ್ಗಿಸಲಿ.

ಮಂಡ್ಯದಿಂದ:

ಅಂಗಡಿಯಲ್ಲಿ ಖಾಲಿ ಪಾತ್ರೆ ಎತ್ತಿ ನೋಡಿ ತೀರ್ಮಾನಿಸಬೇಡಿ. ಒಂದು ಲೀಟರಿನ ನೀರಿನ ಬಾಟಲಿ ತೆಗೆದುಕೊಂಡು ಹೋಗಿ, ತುಂಬಿಸಿ, ಬಗ್ಗಿಸಿ ನೋಡಿ. ನಾನು ಹಾಗೆ ಕೇಳಿದಾಗ ಅಂಗಡಿಯವರು ಬಕೆಟ್ಟನ್ನೇ ತಂದಿಟ್ಟರು. ಅಂಚಿನಲ್ಲಿ ಸುರಿಯುವ ಮೂತಿ ಇರುವುದನ್ನು ಆರಿಸಿದರೆ ಕೈಯನ್ನು ಅಷ್ಟು ತಿರುಗಿಸಬೇಕಾಗಿಲ್ಲ. ಉದ್ದ ಹಿಡಿಕೆಯದೇ ಬೇಕೆಂದರೆ ಖಾಲಿ ಪಾತ್ರೆಯನ್ನು ಮೇಜಿನ ಮೇಲಿಟ್ಟು ನೋಡಿ. ಮೈ ಹಗುರ, ಹಿಡಿಕೆ ಭಾರ ಇದ್ದರೆ ಪಾತ್ರೆ ಹಿಡಿಕೆಯ ಕಡೆಗೆ ವಾಲುತ್ತದೆ. ಅಂಥದ್ದು ಗ್ಯಾಸಿನ ಕಂಬಿಗಳ ಮೇಲೆ ನಿಲ್ಲದು.

ಕುಂದಾಪುರದಿಂದ:

ಎಲ್ಲರೂ ಹೊಸತರ ಬಗ್ಗೆ ಹೇಳಿದಿರಿ, ಹಳೆಯದರ ಬಗ್ಗೆ ಯಾರೂ ಹೇಳಲಿಲ್ಲ. ದಯವಿಟ್ಟು ಅದನ್ನು ತೂಕಕ್ಕೆ ಹಾಕಬೇಡಿ. ನಾನು ನನ್ನ ಅಜ್ಜಿಯದನ್ನು ಹಾಕಿ ಸ್ಟೀಲ್ ಡಬ್ಬಿಗಳನ್ನು ತಂದೆ. ಅಂಗಡಿಯವ ಅದನ್ನು ಗುಜರಿ ರಾಶಿಗೆ ಎಸೆದ ಸದ್ದು ಇಪ್ಪತ್ತು ವರ್ಷವಾದರೂ ಕಿವಿಯಲ್ಲಿದೆ.

ಕಲಾಯಿ ಹೇಗಿದೆ ನೋಡಿ. ಒಳಗೆ ಬೆಳ್ಳಗೆ ಇದ್ದರೆ ಸರಿ, ಹಳದಿ ಕಾಣಿಸಿದರೆ ಹುಳಿ ಹಾಕಬೇಡಿ, ಕಿಲುಬಿನ ರುಚಿ ಬರುತ್ತದೆ, ಹೊಟ್ಟೆಗೂ ಕೆಟ್ಟದ್ದು. ನಮ್ಮ ಊರಿಗೆ ಕಲಾಯಿಯವರು ವರ್ಷಕ್ಕೊಮ್ಮೆ ಬರುತ್ತಿದ್ದರು. ತಿದಿಯೂದಿ ಕೆಂಡ ಮಾಡಿ, ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಉದುರಿಸಿದರೆ ಬಿಳಿ ಹೊಗೆ ಏಳುತ್ತಿತ್ತು. ತವರದ ಕಡ್ಡಿಯನ್ನು ಮುಟ್ಟಿಸಿ, ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಕಂದು ಪಾತ್ರೆ ಕ್ಷಣದಲ್ಲಿ ಬೆಳ್ಳಿಯಾಗುತ್ತಿತ್ತು. ಮಕ್ಕಳೆಲ್ಲ ಸುತ್ತ ಕೂತು ನೋಡುತ್ತಿದ್ದೆವು. ತವರ 232 ಡಿಗ್ರಿಗೇ ಕರಗುವ ಲೋಹ. ಹಾಗಾಗಿ ಕಲಾಯಿ ಹಾಕಿಸಿದ್ದನ್ನು ಖಾಲಿ ಒಲೆಯ ಮೇಲೆ ಇಡಬಾರದು, ಒಗ್ಗರಣೆಯನ್ನು ಬೇರೆಯಾಗಿಯೇ ಮಾಡಿ ಹಾಕಬೇಕು.

ಮೈಸೂರಿನಿಂದ, ಪ್ರಶ್ನೆ ಕೇಳಿದವರು:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದವರ ಮಾತು ಓದಿದ ಮರುದಿನವೇ ಇವರನ್ನು ಕರೆದುಕೊಂಡು ಹೋದೆ, ಕೈಯಲ್ಲಿ ನೀರಿನ ಬಾಟಲಿ. 16 ಸೆಂ.ಮೀ. ಅನೋಡೈಸ್ಡ್, ಎರಡು ಕಿವಿ, ಒಂದು ಬದಿಗೆ ಮೂತಿ, ಕಿವಿ ಸೇರಿ 640 ಗ್ರಾಂ. ಟ್ರೈಪ್ಲೈಯಲ್ಲೂ ನೀರು ತುಂಬಿಸಿ ನೋಡಿದೆ, ವ್ಯತ್ಯಾಸ ಕಡಿಮೆಯೇ, ಆದರೆ ಎಡಗೈ ಹೇಳಿಬಿಟ್ಟಿತು. ಐದು ದಿನಗಳಿಂದ ಅದರಲ್ಲೇ ಅಡುಗೆ. ತೊವ್ವೆ ತಳ ಹಿಡಿದಿಲ್ಲ. ಒಳಗೆಲ್ಲ ಕಪ್ಪಗಿರುವುದರಿಂದ ಸಾರಿನ ಬಣ್ಣ ತಿಳಿಯುವುದಿಲ್ಲ, ಸೌಟಿನಲ್ಲಿ ಎತ್ತಿ ನೋಡಬೇಕು. ಹಿತ್ತಾಳೆಯಲ್ಲಿ ಕುದಿ ಬರುವ ಮೊದಲು ಒಂದು ಸಣ್ಣ ಗುಂಯ್ ಎಂಬ ಸದ್ದು ಬರುತ್ತಿತ್ತು, ಇದರಲ್ಲಿ ಅದಿಲ್ಲ. ಎರಡು ಸಲ ಉಕ್ಕಿಸಿದೆ.

ಅಮ್ಮನ ಪಾತ್ರೆಯನ್ನು ಹುಣಸೆಹಣ್ಣು, ಉಪ್ಪು ಹಾಕಿ ಬೆಳಗಿ ನೋಡಿದೆ. ತಳದಲ್ಲಿ ಅಂಗೈಯಗಲ ಹಳದಿ ಕಾಣುತ್ತಿದೆ. ಯುಗಾದಿಗೆ ಮಗ ಬರುತ್ತಾನೆ, ಪಾಯಸವನ್ನು ಅದರಲ್ಲೇ ಮಾಡಿ ಅವನ ಕೈಯಲ್ಲಿ ಇಳಿಸೋಣ ಎಂದಿದ್ದೇನೆ. ಅಷ್ಟರೊಳಗೆ ಕಲಾಯಿ ಆಗಬೇಕು. ಮೈಸೂರು, ನಂಜನಗೂಡು, ಶ್ರೀರಂಗಪಟ್ಟಣದ ಕಡೆ ಈಗಲೂ ತವರದ ಕಲಾಯಿ ಹಾಕುವವರು ಯಾವ ಬೀದಿಯಲ್ಲಿ ಸಿಗುತ್ತಾರೆ?