ಸಹಾಯ ಬೇಕು: ಡಕ್ಟೆಡ್ ಎಸಿಗೆ ಚಿಕ್ಕ ಯಂತ್ರ ಸಾಕೇ?

ಸಿಡ್ನಿಯ ಪಶ್ಚಿಮಕ್ಕಿರುವ ಪೆನ್ರಿತ್‌ನಲ್ಲಿ ನಮ್ಮ ಮನೆ. 2020ರ ಜನವರಿ 4ರಂದು ಇಲ್ಲಿ 48.9 ಡಿಗ್ರಿ ದಾಖಲಾಗಿತ್ತು. ದಾವಣಗೆರೆಯ ಬಿಸಿಲಿನಲ್ಲಿ ಬೆಳೆದ ಅಮ್ಮನೇ ಕಳೆದ ಬೇಸಿಗೆಯಲ್ಲಿ ಒದ್ದೆ ಟವೆಲ್ ಹೊದ್ದು ಹಜಾರದ ಬರೀ ನೆಲದ ಮೇಲೆ ಮಲಗಿದ್ದರು. ನೋಡಿ ಕರುಳು ಚುರುಕ್ ಎಂದಿತು.

ನಾಲ್ಕು ಮಲಗುವ ಕೋಣೆ, ಹಜಾರಕ್ಕೆಲ್ಲ ಸೇರಿಸಿ ಡಕ್ಟೆಡ್ ಎಸಿ (ಒಂದೇ ಯಂತ್ರದಿಂದ ಛಾವಣಿಯೊಳಗಿನ ಕೊಳವೆಗಳ ಮೂಲಕ ಎಲ್ಲ ಕೋಣೆಗೂ ತಂಪು ಗಾಳಿ ಕೊಡುವ ವ್ಯವಸ್ಥೆ) ಹಾಕಿಸಲು ಮೂವರಿಂದ ದರ ಕೇಳಿದೆ. ಒಬ್ಬರು 12.5 ಕಿಲೋವ್ಯಾಟ್ ಸಾಕು, ಈಗಿರುವ ಸಿಂಗಲ್ ಫೇಸ್‌ನಲ್ಲೇ ನಡೆಯುತ್ತದೆ, 11,800 ಡಾಲರ್ ಎಂದರು. ಇನ್ನೊಬ್ಬರು 16 ಕಿಲೋವ್ಯಾಟ್ ಬೇಕೇ ಬೇಕು ಎಂದು 16,500 ಹೇಳಿದರು. ತ್ರೀ ಫೇಸ್ ಸಂಪರ್ಕದ ಖರ್ಚು ಬೇರೆ. ಮೂರನೆಯವರು ಛಾವಣಿಯೊಳಗೆ ಇಣುಕಿಯೂ ನೋಡಲಿಲ್ಲ, ಅವರನ್ನು ಬಿಟ್ಟೆ.

ನಮಗೆ ಹಗಲು ಹಜಾರ, ರಾತ್ರಿ ಕೋಣೆಗಳು ತಂಪಾದರೆ ಸಾಕು. ಹೀಗೆ ವಲಯ ಮಾಡಿಕೊಂಡರೆ 45 ಡಿಗ್ರಿಯ ದಿನವೂ ಚಿಕ್ಕ ಯಂತ್ರ ತಡೆಯುತ್ತದೆಯೇ? ಹಾಕಿಸಿಕೊಂಡವರು ದಯವಿಟ್ಟು ನಿಮ್ಮ ಯಂತ್ರದ ಸಾಮರ್ಥ್ಯ, ಒಟ್ಟು ಖರ್ಚು ತಿಳಿಸುತ್ತೀರಾ?